47 ಗೆಲುವಿನ ಮೇಲೆ 46 ಗೆಲುವು ಕೂತದ್ದು ಹೇಗೆ? – ಸಂಪಾದಕರ ಉತ್ತರ

ಓದುಗರ ಪತ್ರ: "ಮಗ ಕೆನಡಾದ ಎಡ್ಮಂಟನ್‌ನಲ್ಲಿದ್ದಾನೆ. ಅವನ ದೆಸೆಯಿಂದ ನನಗೂ ಐಸ್ ಹಾಕಿಯ ಹುಚ್ಚು ಹತ್ತಿದೆ. ಅಲ್ಲಿನ ಆಯಿಲರ್ಸ್ ತಂಡ 2024 ಮತ್ತು 2025ರಲ್ಲಿ ಫೈನಲ್ ಆಡಿ ಸೋತದ್ದನ್ನು ನೋಡಿದೆ. ಆದರೆ ಅವನು ಮಾತೆತ್ತಿದರೆ 2016-17ರ ಸೀಸನ್ ಎನ್ನುತ್ತಾನೆ, ಹತ್ತು ವರ್ಷದ ಮೇಲೆ ಪ್ಲೇಆಫ್‌ಗೆ (ಸೀಸನ್ ಮುಗಿದ ಮೇಲಿನ ನಾಕೌಟ್ ಸುತ್ತುಗಳಿಗೆ) ಮರಳಿದ ವರ್ಷವಂತೆ. ನೀವು ಅಚ್ಚು ಹಾಕಿದ್ದ ಆ ವರ್ಷದ ಅಂಕಪಟ್ಟಿಯಲ್ಲಿ 46 ಪಂದ್ಯ ಗೆದ್ದ ಅನಾಹೈಮ್ ಮೇಲಿದೆ, 47 ಗೆದ್ದ ಎಡ್ಮಂಟನ್ ಕೆಳಗಿದೆ. ಅಚ್ಚಿನ ತಪ್ಪೇ? ಆರು ವರ್ಷಗಳಲ್ಲಿ ನಾಲ್ಕು ಸಲ ಮೊದಲ ಆಯ್ಕೆ ಪಡೆದ ತಂಡ ಹತ್ತು ವರ್ಷ ಹೊರಗುಳಿದದ್ದೇಕೆ? ಮರಳಿದ್ದು ಮೆಕ್‌ಡೇವಿಡ್ ಒಬ್ಬನಿಂದಲೇ? ಗೆಲ್ಲಬೇಕಾದ ಹೊತ್ತಿನಲ್ಲಿ ಗೋಲ್‌ಕೀಪರನ್ನು ಹೊರಗೆ ಕರೆಸುತ್ತಾರಲ್ಲ, ಅದೇನು? ಕೊನೆಯದಾಗಿ, ಪ್ಲೇಆಫ್ ಪಂದ್ಯಗಳನ್ನು ಇಲ್ಲಿ ಎಷ್ಟು ಹೊತ್ತಿಗೆ ನೋಡಬೇಕು?" – ಓದುಗರು, ಹಾಸನ

ಅಚ್ಚಿನ ತಪ್ಪಲ್ಲ. ನೀವು ಬೆರಳಿಟ್ಟಿರುವ ಆ ಎರಡು ಸಾಲುಗಳಲ್ಲೇ ಆ ಸೀಸನ್‌ನ ಕೊನೆಯ ರಾತ್ರಿಯೂ ಅಡಗಿದೆ.

ಎನ್‌ಎಚ್‌ಎಲ್, ಅಂದರೆ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್‌ನಲ್ಲಿ, ಆ ವರ್ಷ ಪ್ರತಿ ತಂಡಕ್ಕೂ 82 ಪಂದ್ಯ. ಗೆದ್ದರೆ 2 ಅಂಕ. ಅರವತ್ತು ನಿಮಿಷದೊಳಗೆ ಸೋತರೆ ಸೊನ್ನೆ. ಆದರೆ ಪಂದ್ಯ ಸಮವಾಗಿ, ಆಮೇಲೆ ಓವರ್‌ಟೈಮ್‌ನಲ್ಲೋ ಶೂಟೌಟ್‌ನಲ್ಲೋ ಸೋತವರಿಗೆ 1 ಅಂಕ ಸಿಗುತ್ತದೆ. ಪಟ್ಟಿಯಲ್ಲಿ ಮೂರು ಅಂಕಿ ಇರುವುದು ಅದಕ್ಕೇ: ಗೆಲುವು, ಸೋಲು, ಓವರ್‌ಟೈಮ್ ಸೋಲು. ಎಡ್ಮಂಟನ್ 47-26-9, ಅಂದರೆ 94ಕ್ಕೆ 9 ಸೇರಿ 103. ಅನಾಹೈಮ್ 46-23-13, ಅಂದರೆ 92ಕ್ಕೆ 13 ಸೇರಿ 105. ಒಂದು ಪಂದ್ಯ ಕಡಿಮೆ ಗೆದ್ದ ತಂಡ, ಹದಿಮೂರು ಸಲ ಅರವತ್ತನೇ ನಿಮಿಷದ ತನಕ ಸೋಲದೆ ನಿಂತದ್ದರಿಂದ ಪೆಸಿಫಿಕ್ ವಿಭಾಗದ ಮೊದಲ ಸ್ಥಾನ ಪಡೆಯಿತು. ಆ ಎರಡು ಅಂಕದ ಬೆಲೆ ಮೇ ತಿಂಗಳಲ್ಲಿ ಗೊತ್ತಾಯಿತು. ಅಲ್ಲಿಗೆ ಆಮೇಲೆ ಬರೋಣ.

ಈಗ ಹತ್ತು ವರ್ಷದ ಪ್ರಶ್ನೆ. 2006ರಲ್ಲಿ ಎಡ್ಮಂಟನ್ ಫೈನಲ್ ತಲುಪಿ ಕ್ಯಾರೊಲೈನಾ ಹರಿಕೇನ್ಸ್ ವಿರುದ್ಧ ಏಳನೇ ಪಂದ್ಯದಲ್ಲಿ ಸೋತಿತು. ಆಮೇಲೆ ಸತತ ಹತ್ತು ಸೀಸನ್ ಪ್ಲೇಆಫ್ ಕಾಣಲಿಲ್ಲ. ಪಟ್ಟಿಯ ತಳದಲ್ಲಿರುವವರಿಗೆ ಹೊಸ ಹುಡುಗರ ಆಯ್ಕೆಯಲ್ಲಿ, ಅಂದರೆ ಡ್ರಾಫ್ಟ್‌ನಲ್ಲಿ, ಮೊದಲ ಸರದಿ ಸಿಗುವ ಅವಕಾಶ ಹೆಚ್ಚು. ಹಾಗೆ ಸಿಕ್ಕವರು 2010ರಲ್ಲಿ ಟೇಲರ್ ಹಾಲ್, 2011ರಲ್ಲಿ ರಯಾನ್ ನ್ಯೂಜೆಂಟ್-ಹಾಪ್ಕಿನ್ಸ್, 2012ರಲ್ಲಿ ನೇಲ್ ಯಾಕುಪೊವ್, 2015ರಲ್ಲಿ ಕಾನರ್ ಮೆಕ್‌ಡೇವಿಡ್. ನಾಲ್ವರೂ ಮುಂಪಡೆಯ ಆಟಗಾರರು, ಹಿಂಭಾಗಕ್ಕೆ ಒಬ್ಬನೂ ಇಲ್ಲ ಎಂಬುದನ್ನು ಗಮನಿಸಿ. ಹದಿನೆಂಟರ ಫಾರ್ವರ್ಡ್ ಮೊದಲ ವರ್ಷವೇ ಗೋಲು ಹೊಡೆಯಬಹುದು. ಡಿಫೆನ್ಸ್ ಆಟಗಾರ ಪಕ್ವವಾಗಲು ನಾಲ್ಕೈದು ವರ್ಷ ಬೇಕು, ಗೋಲ್‌ಕೀಪರ್‌ಗೆ ಅದಕ್ಕಿಂತಲೂ ಹೆಚ್ಚು. ಆ ಸಾವಧಾನ ಎಡ್ಮಂಟನ್‌ನ ಆಡಳಿತಕ್ಕೆ ಇರಲಿಲ್ಲ. ಕೋಚ್‌ಗಳೂ ಒಬ್ಬರಾದ ಮೇಲೊಬ್ಬರು ಬದಲಾದರು. ಕೋಚ್ ಬದಲಾದಾಗಲೆಲ್ಲ ಹಿಂಭಾಗದಿಂದ ಪಕ್ಕನ್ನು (ಚೆಂಡಿನ ಬದಲಿಗಿರುವ ರಬ್ಬರ್ ಬಿಲ್ಲೆಯನ್ನು) ಹೊರತರುವ ಕ್ರಮವೂ ಬದಲಾಗುತ್ತದೆ. ಹುಡುಗರು ಒಂದನ್ನು ಕಲಿಯುವಷ್ಟರಲ್ಲಿ ಇನ್ನೊಂದು. ಇದು ದುರದೃಷ್ಟವಲ್ಲ, ಮಾಡಿಕೊಂಡದ್ದು ಎಂದೇ ನಮ್ಮ ಅಭಿಪ್ರಾಯ.

2015-16ರಲ್ಲಿ ಅವರು ಗಳಿಸಿದ್ದು 70 ಅಂಕ. ಮುಂದಿನ ವರ್ಷ 103. ಈ 33 ಅಂಕ ಎಲ್ಲಿಂದ ಬಂತೆಂದು ಕೇಳಿದರೆ ನಿಮ್ಮ ಮಗ ಮೆಕ್‌ಡೇವಿಡ್ ಹೆಸರು ಹೇಳಿಯಾನು, ತಪ್ಪೇನಿಲ್ಲ. ಮೊದಲ ವರ್ಷ ಕಾಲರ್ ಮೂಳೆ ಮುರಿದು 37 ಪಂದ್ಯ ತಪ್ಪಿಸಿಕೊಂಡಿದ್ದ ಹುಡುಗ, 2016ರ ಅಕ್ಟೋಬರ್‌ನಲ್ಲಿ 19ನೇ ವಯಸ್ಸಿಗೇ ಲೀಗ್ ಇತಿಹಾಸದ ಅತಿ ಕಿರಿಯ ನಾಯಕನಾದ. 82 ಪಂದ್ಯವನ್ನೂ ಆಡಿದ. 30 ಗೋಲು, 70 ಅಸಿಸ್ಟ್ (ಇನ್ನೊಬ್ಬರ ಗೋಲಿಗೆ ಕೊಟ್ಟ ಪಾಸ್), ಎರಡೂ ಸೇರಿ 100 ಪಾಯಿಂಟ್ ಗಳಿಸಿ, ಅತಿ ಹೆಚ್ಚು ಪಾಯಿಂಟ್‌ನ ಆರ್ಟ್ ರಾಸ್ ಮತ್ತು ಅತಿ ಮೌಲ್ಯದ ಆಟಗಾರನ ಹಾರ್ಟ್ ಟ್ರೋಫಿ ಎರಡನ್ನೂ ಪಡೆದ. ಲಿಯಾನ್ ಡ್ರೈಸೈಟ್ಲ್ 77 ಪಾಯಿಂಟ್, ಪ್ಯಾಟ್ರಿಕ್ ಮರೂನ್ 27 ಗೋಲು. ತಂಡ ಹೊಡೆದ ಗೋಲು 203ರಿಂದ 247ಕ್ಕೆ ಏರಿತು.

ಪಕ್ಕದ ಅಂಕಣವನ್ನೂ ಓದಿ. ಬಿಟ್ಟುಕೊಟ್ಟ ಗೋಲು 245ರಿಂದ 212ಕ್ಕೆ ಇಳಿಯಿತು. 44 ಹೆಚ್ಚು ಹೊಡೆದರು, 33 ಕಡಿಮೆ ಕೊಟ್ಟರು. ಏರಿಕೆಯ ಹೆಚ್ಚುಕಡಿಮೆ ಅರ್ಧದಷ್ಟು ಕೆಲಸ ನಡೆದದ್ದು ಯಾರೂ ಚಪ್ಪಾಳೆ ತಟ್ಟದ ಕಡೆ.

ಆ ಕೆಲಸ ಶುರುವಾದದ್ದೇ ಊರನ್ನು ಕೆರಳಿಸಿದ ಒಂದು ವಿನಿಮಯದಿಂದ. 2016ರ ಜೂನ್ 29ರಂದು ವ್ಯವಸ್ಥಾಪಕ ಪೀಟರ್ ಕಿಯಾರೆಲ್ಲಿ, ಆ ವರ್ಷ 65 ಪಾಯಿಂಟ್‌ಗಳೊಂದಿಗೆ ತಂಡದಲ್ಲೇ ಮೊದಲಿಗನಾಗಿದ್ದ ಹಾಲ್‌ನನ್ನು ನ್ಯೂಜೆರ್ಸಿಗೆ ಕೊಟ್ಟು ಆಡಮ್ ಲಾರ್ಸನ್ ಎಂಬ ಡಿಫೆನ್ಸ್ ಆಟಗಾರನನ್ನು ತಂದರು. ಲಾರ್ಸನ್ ಮುಂದಿನ ಸೀಸನ್‌ನಲ್ಲಿ ಮಾಡಿದ್ದು 4 ಗೋಲು, 15 ಅಸಿಸ್ಟ್. ಹಾಲ್ 2018ರಲ್ಲಿ ಹಾರ್ಟ್ ಟ್ರೋಫಿ ಗೆದ್ದ. ಪ್ರತಿಭೆಯನ್ನು ತಕ್ಕಡಿಗಿಟ್ಟರೆ ಎಡ್ಮಂಟನ್‌ಗೆ ನಷ್ಟವೇ. ಆದರೂ ಅವರಿಗೆ ಬೇಕಿದ್ದದ್ದು ಬಲಗೈ ಕೋಲಿನ ಡಿಫೆನ್ಸ್ ಆಟಗಾರ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮ ಕೊಡಗಿನ ಹಾಕಿಯಲ್ಲಿ ಎಲ್ಲರ ಕೋಲೂ ಒಂದೇ ಬಗೆ, ಎಡಗೈಯವರಿಗೆಂದು ಬೇರೆ ಕೋಲಿಲ್ಲ. ಐಸ್ ಹಾಕಿಯಲ್ಲಿ ಎಡಕ್ಕೆ ಬಾಗಿದ ಕೋಲೂ ಉಂಟು, ಬಲಕ್ಕೆ ಬಾಗಿದ ಕೋಲೂ ಉಂಟು. ಬಲಬದಿಯ ಗೋಡೆಯ ಪಕ್ಕ ಪಕ್ ಬಂದಾಗ ಬಲಗೈ ಆಟಗಾರ ಅದನ್ನು ಕೋಲಿನ ಮುಂಬದಿಯಿಂದ ತಡೆದು ಒಂದೇ ಏಟಿಗೆ ಸೆಂಟರ್‌ಗೆ ದಾಟಿಸುತ್ತಾನೆ. ಎಡಗೈಯವನು ಅಲ್ಲಿ ನಿಂತರೆ ಹಿಂಬದಿಯಿಂದ ತಡೆಯಬೇಕು, ಇಲ್ಲವೇ ಮೈ ತಿರುಗಿಸಬೇಕು. ಆ ಅರೆ ಸೆಕೆಂಡಿನಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾನೆ, ಪಕ್ ಕಳೆದುಹೋಗುತ್ತದೆ. ಒಂದು ರಾತ್ರಿಯಲ್ಲಿ ಇಂಥ ಪ್ರಸಂಗ ಹತ್ತಾರು ಸಲ ಬರುತ್ತದೆ. ಲಾರ್ಸನ್ ಎಡಗೈಯ ಆಸ್ಕರ್ ಕ್ಲೆಫ್‌ಬಮ್ ಜೊತೆಗೆ ನಿಂತ ಮೇಲೆ ಪಕ್ ತಮ್ಮ ವಲಯದಿಂದ ಬೇಗ ಹೊರಬೀಳತೊಡಗಿತು. ಬೇಗ ಹೊರಬಿದ್ದ ಪಕ್ ಮೆಕ್‌ಡೇವಿಡ್‌ಗೆ ಓಡುತ್ತಿರುವಾಗಲೇ ಸಿಗುತ್ತದೆ. ಹಿಂಭಾಗ ಸರಿಯಾದದ್ದರ ಫಲ ಮುಂಭಾಗದ ಲೆಕ್ಕದಲ್ಲೂ ಕಾಣುವುದು ಹೀಗೆ.

ಇನ್ನೊಬ್ಬರು ಗೋಲ್‌ಕೀಪರ್ ಕ್ಯಾಮ್ ಟಾಲ್ಬಟ್. 82ರಲ್ಲಿ 73 ಪಂದ್ಯ ಆಡಿದರು, 42 ಗೆದ್ದರು, ತಡೆದ ಪ್ರಮಾಣ .919. ಅಂದರೆ ಸಾವಿರ ಹೊಡೆತಕ್ಕೆ 81 ಗೋಲು. ಆ ಸೀಸನ್‌ನ ಅತಿ ಮುಖ್ಯ ಅಂಕಿ ಯಾವುದೆಂದು ಕೇಳಿದರೆ ಮೆಕ್‌ಡೇವಿಡ್‌ನ 100 ಅಲ್ಲ, ಟಾಲ್ಬಟ್‌ನ 73 ಎನ್ನುತ್ತೇವೆ. ನಂಬಿಕೆಯ ಬದಲಿ ಗೋಲ್‌ಕೀಪರ್ ಇಲ್ಲದ್ದರಿಂದ ಒಬ್ಬನ ಮೇಲೇ ಇಷ್ಟು ಹೊರೆ ಬಿತ್ತು.

2017ರ ಮಾರ್ಚ್ 28ರಂದು ಲಾಸ್ ಏಂಜಲೀಸ್ ಕಿಂಗ್ಸ್ ವಿರುದ್ಧ 2-1 ಗೆಲುವಿನೊಂದಿಗೆ ಪ್ಲೇಆಫ್ ಸ್ಥಾನ ಖಚಿತವಾಯಿತು. ಆ ಸೀಸನ್‌ನಲ್ಲೇ ತೆರೆದಿದ್ದ ಹೊಸ ಕ್ರೀಡಾಂಗಣ ರಾಜರ್ಸ್ ಪ್ಲೇಸ್‌ಗೆ ಮೊದಲ ವರ್ಷವೇ ಪ್ಲೇಆಫ್ ಭಾಗ್ಯ.

ಮೊದಲ ಸುತ್ತಿನಲ್ಲಿ ಎದುರಾದದ್ದು ಹಿಂದಿನ ವರ್ಷ ಫೈನಲ್ ಆಡಿದ್ದ ಸ್ಯಾನ್ ಹೋಸೆ ಶಾರ್ಕ್ಸ್. ಏಳರಲ್ಲಿ ನಾಲ್ಕು ಗೆದ್ದವರು ಮುಂದಕ್ಕೆ. ಮೊದಲ ಪಂದ್ಯದಲ್ಲಿ 2-0 ಮುಂದಿದ್ದೂ ಓವರ್‌ಟೈಮ್‌ನಲ್ಲಿ 3-2 ಸೋತರು. ಆಮೇಲೆ 2-0, 1-0 ಗೆಲುವು, ಎರಡರಲ್ಲೂ ಟಾಲ್ಬಟ್ ಒಂದು ಗೋಲನ್ನೂ ಬಿಡಲಿಲ್ಲ. ನಾಲ್ಕನೆಯದರಲ್ಲಿ 7-0 ನೆಲಕಚ್ಚಿದರು. ಹೊಸಬರ ತಂಡ ಇಂಥ ಸೋಲಿನ ಮೇಲೆ ಎದ್ದು ನಿಲ್ಲುವುದು ಕಷ್ಟ, ಇವರು ನಿಂತರು. ಐದನೆಯದರಲ್ಲಿ ಫೆಬ್ರವರಿ ಕೊನೆಗೆ ಬಂದು ಸೇರಿದ್ದ ಡೇವಿಡ್ ಡೆಹಾರ್ನೆ ಓವರ್‌ಟೈಮ್ ಗೋಲು ಹೊಡೆದು 4-3 ಗೆಲ್ಲಿಸಿದರು. ಆರನೆಯದು 3-1, ಸರಣಿ ಕೈಸೇರಿತು.

ಎರಡನೇ ಸುತ್ತು ಅನಾಹೈಮ್ ಡಕ್ಸ್ ಜೊತೆ. ಎದುರಾಳಿಯ ಊರಿನಲ್ಲಿ ಮೊದಲೆರಡೂ ಗೆದ್ದು, ಸ್ವಂತ ಊರಿನಲ್ಲಿ ಎರಡೂ ಸೋತು 2-2. ನಿಮ್ಮ ಗೋಲ್‌ಕೀಪರ್ ಪ್ರಶ್ನೆಗೆ ಉತ್ತರ ಇರುವುದು ಮೇ 5ರ ಐದನೇ ಪಂದ್ಯದಲ್ಲಿ. ಎಡ್ಮಂಟನ್ 3-0 ಮುಂದಿತ್ತು, ಉಳಿದಿದ್ದದ್ದು ಮೂರು ಚಿಲ್ಲರೆ ನಿಮಿಷ.

ಐಸ್ ಮೇಲೆ ಒಂದು ಕಡೆಗೆ ಆರು ಜನ, ಅದರಲ್ಲಿ ಒಬ್ಬ ಗೋಲ್‌ಕೀಪರ್. ಅವನನ್ನು ಬೆಂಚಿಗೆ ಕರೆಸಿದರೆ ಆ ಜಾಗಕ್ಕೆ ಇನ್ನೊಬ್ಬ ದಾಳಿಗಾರ ಇಳಿಯಬಹುದು. ನಮ್ಮ ಹಾಕಿಯಲ್ಲೂ ಕೊನೆಯ ನಿಮಿಷಗಳಲ್ಲಿ ಇದನ್ನು ಈಗ ನೋಡುತ್ತೇವೆ. ಐವರ ಎದುರು ಆರು ಜನ ದಾಳಿಗಿಳಿದಾಗ ಯಾವಾಗಲೂ ಒಬ್ಬ ಬಿಡುವಾಗಿ ಉಳಿಯುತ್ತಾನೆ. ಖಾಲಿ ಗೋಲಿಗೆ ದೂರದಿಂದ ಹೊಡೆದುಬಿಡಬಹುದಲ್ಲ ಎನ್ನುತ್ತೀರಿ. ಹೊಡೆಯಬಹುದು. ಆದರೆ ಮಧ್ಯದ ಕೆಂಪು ಗೆರೆಯ ಈಚೆಯಿಂದ ಹೊಡೆದದ್ದು ಗೋಲು ತಪ್ಪಿ ಕೊನೆಯ ಗೆರೆ ದಾಟಿದರೆ 'ಐಸಿಂಗ್'. ಪಕ್ ಮತ್ತೆ ನಿಮ್ಮ ಗೋಲಿನ ಪಕ್ಕಕ್ಕೇ ಬರುತ್ತದೆ. ಜೊತೆಗೆ ತಪ್ಪು ಮಾಡಿದ ತಂಡ ಆಟಗಾರರನ್ನು ಬದಲಿಸುವಂತಿಲ್ಲ. ಒಬ್ಬ ಆಟಗಾರ ಪೂರ್ತಿ ಬಲದಿಂದ ಓಡಬಲ್ಲದ್ದು ಸುಮಾರು 45 ಸೆಕೆಂಡು, ಒಂದೂವರೆ ನಿಮಿಷ ಸಿಕ್ಕಿಕೊಂಡರೆ ಕಾಲು ಏಳುವುದಿಲ್ಲ. ಹಾಗಾಗಿ ಮುಂದಿರುವ ತಂಡ ಪಕ್ಕನ್ನು ಕೆಂಪು ಗೆರೆ ದಾಟಿಸಿದ ಮೇಲೇ ಹೊಡೆಯಬೇಕು, ಅದಕ್ಕೆ ಗೋಡೆಯ ಪಕ್ಕದ ಪ್ರತಿ ಪೈಪೋಟಿಯನ್ನೂ ಗೆಲ್ಲಬೇಕು.

ಆ ರಾತ್ರಿ ಡಿಫೆನ್ಸ್‌ನ ಆಂಡ್ರೆ ಸೆಕೆರಾ ಮೊದಲ ಪೀರಿಯಡ್‌ನಲ್ಲೇ ಗಾಯಗೊಂಡು ಹೊರನಡೆದಿದ್ದರು, ಅವರ ಪಾಲಿನ ನಿಮಿಷಗಳೂ ಉಳಿದವರ ಕಾಲಿನ ಮೇಲೆ ಬಿದ್ದಿದ್ದವು. 3 ನಿಮಿಷ 16 ಸೆಕೆಂಡು ಇರುವಾಗ ಡಕ್ಸ್‌ನ ರಯಾನ್ ಗೆಟ್ಜ್‌ಲಾಫ್ ಗೋಲು. 35 ಸೆಕೆಂಡಿನ ಮೇಲೆ ಕ್ಯಾಮ್ ಫೌಲರ್. 15 ಸೆಕೆಂಡು ಉಳಿದಾಗ ರಿಕಾರ್ಡ್ ರಾಕೆಲ್. ಮೂರೂ ಗೋಲ್‌ಕೀಪರನ್ನು ಹೊರಗೆ ಕರೆಸಿದ್ದಾಗಲೇ ಬಂದವು. ಮೂರನೆಯದರ ಹೊತ್ತಿಗೆ ಡಕ್ಸ್‌ನ ರಯಾನ್ ಕೆಸ್ಲರ್ ಗೋಲಿನೆದುರು ಬಿದ್ದುಕೊಂಡಿದ್ದರು, ಅವರ ಕೈ ಟಾಲ್ಬಟ್‌ನ ಕಾಲಿನ ಪ್ಯಾಡ್ ಮೇಲಿತ್ತು. ವಿಡಿಯೊ ಪರಿಶೀಲಿಸಿದ ಮೇಲೂ ಗೋಲು ನಿಂತಿತು. ನಮ್ಮ ಕಣ್ಣಿಗೆ ಅದು ಅಡ್ಡಿಯೇ, ಗೋಲು ರದ್ದಾಗಬೇಕಿತ್ತು. ಎರಡನೇ ಓವರ್‌ಟೈಮ್‌ನಲ್ಲಿ ಕೋರಿ ಪೆರಿ ಗೋಲು ಹೊಡೆದು 4-3 ಮಾಡಿದರು. ಟಾಲ್ಬಟ್ ಆ ರಾತ್ರಿ 60 ಹೊಡೆತ ತಡೆದಿದ್ದರು.

ಆರನೇ ಪಂದ್ಯವನ್ನು ಎಡ್ಮಂಟನ್ 7-1ರಿಂದ ಗೆದ್ದಿತು, ಡ್ರೈಸೈಟ್ಲ್ ಮೂರು ಗೋಲು. ಇನ್ನು ಏಳನೆಯದು. ಅದು ನಡೆಯುವುದು ಸೀಸನ್‌ನಲ್ಲಿ ಹೆಚ್ಚು ಅಂಕ ಗಳಿಸಿದವರ ಅಂಗಳದಲ್ಲಿ. ನೀವು ಕೇಳಿದ್ದ ಆ 105 ಮತ್ತು 103 ಇಲ್ಲಿಗೆ ಬಂದು ಮುಟ್ಟಿತು. ತವರಿನವರಿಗೆ ಸಿಗುವುದು ಜನರ ಕೂಗು ಮಾತ್ರವಲ್ಲ. ಪ್ರತಿ ಸಲ ಆಟ ನಿಂತಾಗಲೂ ಹೊರಗಿನ ತಂಡ ಮೊದಲು ತನ್ನ ಐವರನ್ನು ಇಳಿಸಬೇಕು, ಅದನ್ನು ನೋಡಿಕೊಂಡು ತವರಿನ ಕೋಚ್ ತನ್ನವರನ್ನು ಇಳಿಸುತ್ತಾರೆ. ಮೆಕ್‌ಡೇವಿಡ್ ಇಳಿದ ಕೂಡಲೇ ಕೆಸ್ಲರ್‌ನನ್ನು ಅವನ ಬೆನ್ನಿಗೆ ಹಚ್ಚಲು ಇದರಿಂದ ಸಾಧ್ಯವಾಗುತ್ತದೆ. ಡ್ರೇಕ್ ಕಜೂಲಾ ಮೊದಲ ಗೋಲು ಹೊಡೆದರೂ ಎಡ್ಮಂಟನ್ 2-1 ಸೋತಿತು. ಸಮಗೊಳಿಸಿದ ಆಂಡ್ರೂ ಕೊಗ್ಲಿಯಾನೊ ಹಿಂದೆ ಎಡ್ಮಂಟನ್ ತಂಡದಲ್ಲೇ ಆಡಿದ್ದ ಆಟಗಾರ.

"ಒಬ್ಬನಿಂದಲೇ?" ಎಂಬ ಪ್ರಶ್ನೆಗೆ ಮುಂದಿನ ಸೀಸನ್‌ಗಿಂತ ಒಳ್ಳೆಯ ಉತ್ತರವಿಲ್ಲ. 2017-18ರಲ್ಲಿ ಮೆಕ್‌ಡೇವಿಡ್ 108 ಪಾಯಿಂಟ್ ಗಳಿಸಿ ಮತ್ತೆ ಲೀಗ್‌ಗೇ ಮೊದಲಿಗನಾದ. ತಂಡ 36-40-6, 78 ಅಂಕ, ಪ್ಲೇಆಫ್ ಇಲ್ಲ. ಹೊಡೆದ ಗೋಲು 234, ಹಿಂದಿನದಕ್ಕಿಂತ ಬರೀ 13 ಕಡಿಮೆ. ಬಿಟ್ಟದ್ದು 263, ಅಂದರೆ 51 ಹೆಚ್ಚು! ಟಾಲ್ಬಟ್‌ನ ಪ್ರಮಾಣ .908ಕ್ಕೆ ಜಾರಿತು. ಎರಡು ಸಾವಿರದಷ್ಟು ಹೊಡೆತ ಎದುರಿಸುವವನಿಗೆ ಈ ಹನ್ನೊಂದು ಸಾವಿರಾಂಶದ ಇಳಿಕೆ ಇಪ್ಪತ್ತಕ್ಕೂ ಹೆಚ್ಚು ಗೋಲು. ಹಿಂದಿನ ವರ್ಷ ಅಷ್ಟು ದುಡಿಸಿದ ದೇಹಕ್ಕೆ ಆಗಲೇ ಒಳ್ಳೆಯ ಬದಲಿಯನ್ನು ಹುಡುಕಿಡಬೇಕಿತ್ತು. ಸೆಕೆರಾ ಆ ಮೇ 5ರ ಗಾಯದಿಂದ ಡಿಸೆಂಬರ್ ತನಕ ಮರಳಲಿಲ್ಲ. ಲೀಗ್‌ನ ಸಂಬಳದ ಮಿತಿಯೂ ಕಟ್ಟಿಹಾಕಿತ್ತು: ಮುಂಪಡೆಯ ಮಿಲಾನ್ ಲೂಚಿಚ್‌ಗೆ ವರ್ಷಕ್ಕೆ 60 ಲಕ್ಷ ಡಾಲರ್‌ನಂತೆ ಏಳು ವರ್ಷದ ಒಪ್ಪಂದ, ಡ್ರೈಸೈಟ್ಲ್‌ಗೆ 85 ಲಕ್ಷದಂತೆ ಎಂಟು ವರ್ಷ. ಮೆಕ್‌ಡೇವಿಡ್ ಹೊಸಬರ ಅಗ್ಗದ ಒಪ್ಪಂದದಲ್ಲಿದ್ದ ಕೊನೆಯ ವರ್ಷವೂ ಹೀಗೆ ಕೈತಪ್ಪಿತು. ಡ್ರೈಸೈಟ್ಲ್‌ಗೆ ಕೊಟ್ಟದ್ದು ಸಾರ್ಥಕ, ಲೂಚಿಚ್‌ಗೆ ಕೊಟ್ಟದ್ದು ದುಬಾರಿಯಾಯಿತು.

ಇನ್ನು ಸಮಯ. ಏಪ್ರಿಲ್-ಮೇ ತಿಂಗಳಲ್ಲಿ ನಾವು ಎಡ್ಮಂಟನ್‌ಗಿಂತ ಹನ್ನೊಂದೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ 8ಕ್ಕೆ ಶುರುವಾದ ಪಂದ್ಯ ನಿಮಗೆ ಮರುದಿನ ಬೆಳಗ್ಗೆ 7:30ಕ್ಕೆ. ಇಪ್ಪತ್ತು ನಿಮಿಷದ ಮೂರು ಪೀರಿಯಡ್, ನಡುವಿನ ಎರಡು ವಿರಾಮ ಎಲ್ಲ ಸೇರಿ ಸುಮಾರು ಎರಡೂವರೆಯಿಂದ ಮೂರು ಗಂಟೆ. ಸೀಸನ್‌ನಲ್ಲಾದರೆ ಸಮವಾದ ಪಂದ್ಯಕ್ಕೆ ಮೂವರೆದುರು ಮೂವರ ಐದು ನಿಮಿಷ, ಆಮೇಲೆ ಶೂಟೌಟ್. ಪ್ಲೇಆಫ್‌ನಲ್ಲಿ ಶೂಟೌಟ್ ಇಲ್ಲ. ಐವರೆದುರು ಐವರೇ ಇಪ್ಪತ್ತಿಪ್ಪತ್ತು ನಿಮಿಷ ಆಡುತ್ತ ಹೋಗುತ್ತಾರೆ, ಯಾರಾದರೂ ಒಂದು ಗೋಲು ಹೊಡೆಯುವ ತನಕ. ಆದ್ದರಿಂದ ಪ್ಲೇಆಫ್ ದಿನ ಹನ್ನೊಂದರ ಬಸ್ಸಿಗೆಂದು ಟಿಕೆಟ್ ಮಾಡಿಸಬೇಡಿ.

– ಸಂಪಾದಕರು