ಕಳ್ಳರ ವರಸೆಗೊಂದು ಲ್ಯಾಟಿನ್ ಹೆಸರು

*ಕಳೆದ ಸಂಚಿಕೆಯಲ್ಲಿ ಚಿನ್ನ ಪಾಲಿಶ್ ಮಾಡುವ ವಂಚಕರ ‘ಮೋಡಸ್ ಒಪೆರಾಂಡಿ ವಿಧಾನ’ ಅಂತ ಬರೆದಿದ್ದೀರಿ. ಹಾಗಂದರೇನು? ನನ್ನ ಮಗನ ಆಫೀಸಿನ ಮೇಲ್‌ನಲ್ಲೂ ‘ನಿಮ್ಮ ಟೀಮಿನ ಮೋಡಸ್ ಒಪೆರಾಂಡಿ’ ಅಂತ ಇತ್ತಂತೆ. ಅವನೇನು ಕಳ್ಳನೇ?*
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ:

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಲ್ಯಾಟಿನ್‌ನಲ್ಲಿ ‘ಮೋಡಸ್’ ಅಂದರೇ ವಿಧಾನ, ರೀತಿ. ‘ಒಪೆರಾಂಡಿ’ ಅಂದರೆ ಕೆಲಸ ಮಾಡುವ. ಅದರ ಮುಂದೆ ಮತ್ತೆ ‘ವಿಧಾನ’ ಸೇರಿಸಿದ್ದು, ‘ಗಾಡಿ ಹಿಂದಕ್ಕೆ ರಿವರ್ಸ್ ತಗೊಳ್ಳಿ’ ಅಂದ ಹಾಗಾಯಿತು. ಈ ಪದಗಳ ನೆಂಟರು ನಿಮ್ಮ ಮನೆಯಲ್ಲೇ ಇದ್ದಾರೆ. ಫೋನಿನ ಸೈಲೆಂಟ್ ಮೋಡ್, ಆಸ್ಪತ್ರೆಯ ಆಪರೇಷನ್ ಎಲ್ಲ ಅದೇ ಬೇರಿನವು.

ಮೂಲ ಅರ್ಥದಲ್ಲಿ ಕಳ್ಳತನವೇನೂ ಇಲ್ಲ. ಇಂಗ್ಲಿಷಿನವರು ಹದಿನೇಳನೇ ಶತಮಾನದಿಂದಲೇ ಯಾವ ಕೆಲಸಕ್ಕಾದರೂ ಇದನ್ನು ಬಳಸುತ್ತಿದ್ದರು. ಇದಕ್ಕೆ ಖಾಕಿ ತೊಡಿಸಿದವರಲ್ಲಿ ದೊಡ್ಡ ಹೆಸರು ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆಯ ಪೊಲೀಸ್ ಮುಖ್ಯಸ್ಥ ಅಚರ್ಲಿ ಅವರದು. ಕಳ್ಳ ಊರು ಬದಲಾಯಿಸುತ್ತಾನೆ, ಹೆಸರು ಬದಲಾಯಿಸುತ್ತಾನೆ, ಕೈಗೆ ಹತ್ತಿದ ವರಸೆಯನ್ನು ಮಾತ್ರ ಅಷ್ಟು ಸುಲಭಕ್ಕೆ ಬಿಡುವುದಿಲ್ಲ ಅನ್ನುವುದು ಅವರ ಲೆಕ್ಕ. 1913ರಲ್ಲಿ ಈ ಬಗ್ಗೆ ಪುಸ್ತಕವನ್ನೇ ಬರೆದರು. ಪ್ರತಿ ಕಳವನ್ನೂ ಹತ್ತು ತಲೆಬರಹಗಳಡಿ ಬರೆದಿಡುವ ಪದ್ಧತಿ ಅವರದು: ಎಲ್ಲಿಂದ ನುಗ್ಗಿದ, ಯಾವ ಹೊತ್ತು, ಜೊತೆಗೆ ಯಾರಿದ್ದರು, ಹೀಗೆ. ನನಗೆ ತುಂಬಾ ಹಿಡಿಸಿದ್ದು ‘ಕತೆ’ ಅನ್ನುವ ತಲೆಬರಹ. ಬಂದವನು ತಾನು ಯಾರು, ಯಾಕೆ ಬಂದೆ ಅಂತ ಹೇಳಿಕೊಂಡ ಎಂಬುದು ಅಲ್ಲಿ ಸೇರುತ್ತದೆ.

ನಮ್ಮ ಪಾಲಿಶ್ ವಂಚಕರನ್ನೇ ನೋಡಿ. ಮಧ್ಯಾಹ್ನ, ಮನೆಯಲ್ಲಿ ವಯಸ್ಸಾದವರಷ್ಟೇ ಇರುವ ಹೊತ್ತು. ಮೊದಲು ಹಿತ್ತಾಳೆ ದೀಪವನ್ನು ಪುಕ್ಕಟೆ ಫಳಫಳ ಮಾಡಿಕೊಡುತ್ತಾರೆ. ಆಮೇಲೆ ಬೆಳ್ಳಿ ಕಾಲುಚೈನು. ನಂಬಿಕೆ ಬಂದ ಮೇಲೆ ಮಾಂಗಲ್ಯದ ಸರ. ‘ಅರಿಶಿನದ ನೀರಲ್ಲಿ ಹಾಕಿದ್ದೀವಮ್ಮ, ಹತ್ತು ನಿಮಿಷ ಮುಚ್ಚಳ ತೆಗೀಬೇಡಿ’ ಅಂತಾರೆ. ತೆಗೆದಾಗ ಅರಿಶಿನ ಮಾತ್ರ ಇರುತ್ತದೆ. ಒಂದು ಮನೆಯಲ್ಲಿ ನಡೆದರೆ ಅದು ಒಂದು ಮೋಸ. ನಾಲ್ಕು ಊರಲ್ಲಿ ಅದೇ ದೀಪ, ಅದೇ ಅರಿಶಿನ ಅಂದರೆ ಮೋಡಸ್ ಒಪೆರಾಂಡಿ. ಕಳ್ಳರ ವರಸೆಗಳ ದಾಖಲೆ ಇಡುವ ಪೊಲೀಸ್ ವಿಭಾಗಕ್ಕೆ ಠಾಣೆಗಳಲ್ಲಿ ‘ಎಂ.ಓ.ಬಿ.’ (ಮೋಡಸ್ ಒಪೆರಾಂಡಿ ಬ್ಯೂರೋ) ಅನ್ನುತ್ತಾರಲ್ಲ, ಅದರ ಮೊದಲೆರಡು ಅಕ್ಷರ ಇದೇ.

ಕನ್ನಡದಲ್ಲಿ ಏನನ್ನಬೇಕು? ‘ಕಾರ್ಯವೈಖರಿ’ ಅನ್ನುವವರಿದ್ದಾರೆ, ನನಗೆ ಅದು ಪಾಲಿಕೆ ಆಯುಕ್ತರಿಗೆ ಜಾಸ್ತಿ ಹೊಂದುತ್ತದೆ ಅನಿಸುತ್ತದೆ. ಪತ್ರಿಕೆಗಳ ‘ಕೈಚಳಕ’ವಂತೂ ಸುಮ್ನೆ ಕಳ್ಳನಿಗೆ ಶಹಬ್ಬಾಸ್‌ಗಿರಿ ಕೊಟ್ಟ ಹಾಗೆ. ‘ವರಸೆ’ ಒಳ್ಳೆಯ ಪದ. ‘ಅವನ ವರಸೆಯೇ ಹಾಗೆ’ ಅನ್ನುವಾಗ ಅಭ್ಯಾಸ, ರೀತಿ ಎರಡೂ ಬಂದವು, ಅಲ್ವಾ? ಮುಂದಿನ ವರದಿಗಳಲ್ಲಿ ಅದನ್ನೇ ಬಳಸುತ್ತೇವೆ.

ಇನ್ನು ನಿಮ್ಮ ಮಗ. ಆ ಮೇಲ್‌ನಲ್ಲಿ ಕೇಳಿದ್ದು ‘ನೀವು ಕೆಲಸ ಹೇಗೆ ಮಾಡ್ತೀರಿ’ ಅಂತ ಅಷ್ಟೇ. ಉತ್ತರ ಬರೆಯಲಿ, ವಕೀಲರು ಬೇಕಾಗಿಲ್ಲ.