ನಾಲ್ವಡಿಯವರ ಕಾಲ ಮತ್ತು ನಮ್ಮ ಪತ್ರಿಕೆಗಳ ಪಕ್ಷಪಾತ

ಓದುಗರ ಪತ್ರ: ನಾಲ್ವಡಿ ಕೃಷ್ಣರಾಜ ಒಡೆಯರ ಕಾಲವೇ ಚೆನ್ನಾಗಿತ್ತು. ರಾಜನಿಗೆ ರಾಜ್ಯವೆಂದರೆ ಮಗನಿಗೆ ಬಿಟ್ಟುಹೋಗುವ ಆಸ್ತಿ, ಹಾಗಾಗಿ ಜೋಪಾನ ಮಾಡುತ್ತಿದ್ದ. ಈಗಿನವರಿಗೆ ಐದು ವರ್ಷದ್ದೇ ಚಿಂತೆ. ಲಿಬರ್ಟೇರಿಯನ್ ಚಿಂತಕರೂ ಹೀಗೇ ಹೇಳುತ್ತಾರೆಂದು ಮೊಮ್ಮಗ ಹೇಳಿದ. ಪತ್ರಿಕೆಗಳು ಮಾತ್ರ ಇದನ್ನು ಬರೆಯುವುದಿಲ್ಲ. ಇದು ಪಕ್ಷಪಾತ ಅಲ್ಲವೇ? ನಾಲ್ವಡಿಯವರ ಬಗ್ಗೆ ಎಲ್ಲ ಶಾಲೆಗಳಲ್ಲೂ ಕಡ್ಡಾಯ ಪಾಠ ಇಡಬೇಕೆಂದು ಸರ್ಕಾರಕ್ಕೆ ನೀವಾದರೂ ಬರೆಯಿರಿ.
ನಿವೃತ್ತ ಶಿಕ್ಷಕರು, ಬಸವನಗುಡಿ

ಸಂಪಾದಕರ ಉತ್ತರ: ಮೇಷ್ಟ್ರೇ, ಪೋಸ್ಟ್ ಕಾರ್ಡಿನಲ್ಲಿ ಇಷ್ಟು ವಿಷಯ ಹಿಡಿಸುವವರು ಈಗ ಕಡಿಮೆ. ನಿಮ್ಮ ಜೊತೆ ಸ್ವಲ್ಪ ಜಗಳವಾಡಬೇಕು ಅನ್ನಿಸಿದೆ, ಬೇಜಾರು ಮಾಡ್ಕೋಬೇಡಿ.

ನಿಮ್ಮ ಮೊಮ್ಮಗ ಹೇಳಿದ್ದು ಸುಳ್ಳಲ್ಲ. ಲಿಬರ್ಟೇರಿಯನ್ ಅಂದರೆ ಜನರ ಬದುಕಿನಲ್ಲಿ ಸರ್ಕಾರದ ಕೈ ಆದಷ್ಟೂ ಕಡಿಮೆ ಇರಲಿ ಅನ್ನುವವರು. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ಪಾಠ ಮಾಡಿದ ಹಾನ್ಸ್ ಹರ್ಮನ್ ಹೊಪ್ಪೆ ಅವರ ವಾದ ಹೆಚ್ಚುಕಡಿಮೆ ನಿಮ್ಮದೇ. ಸ್ವಂತ ಮನೆಯವನು ಗೋಡೆಗೆ ಸುಣ್ಣ ಬಳಿಸುತ್ತಾನೆ, ಬಾಡಿಗೆಯವನು ಸಿಕ್ಕಲ್ಲೆಲ್ಲ ಮೊಳೆ ಹೊಡೆಯುತ್ತಾನೆ ಅನ್ನುವ ಥರದ್ದು. ಆದರೆ ಮೊಮ್ಮಗ ಉಳಿದರ್ಧ ಹೇಳಿಲ್ಲ. ಹೊಪ್ಪೆ ರಾಜಭಕ್ತರಲ್ಲ. ರಾಜನೂ ಬೇಡ, ಚುನಾಯಿತ ಸರ್ಕಾರವೂ ಬೇಡ ಅನ್ನುವವರು. ಎರಡರಲ್ಲಿ ಒಂದನ್ನು ಆರಿಸಲೇಬೇಕಾದರೆ ರಾಜನೇ ವಾಸಿ, ಅಷ್ಟೇ. ಅದೇ ಪಂಥದ ಹಿರಿಯ ಲುಡ್ವಿಗ್ ಫಾನ್ ಮೀಸಸ್ ಇದನ್ನೂ ಒಪ್ಪುತ್ತಿರಲಿಲ್ಲ. ರಕ್ತ ಹರಿಸದೆ ಆಳುವವರನ್ನು ಬದಲಾಯಿಸಲು ಆಗುತ್ತದಲ್ಲ, ಅದಕ್ಕೇ ಪ್ರಜಾಪ್ರಭುತ್ವ ಬೇಕು ಎಂದರು. ನಾನು ಮೀಸಸ್ ಕಡೆ.

ಇನ್ನು ನಾಲ್ವಡಿಯವರು. ಮಗನಿಗೆ ಬಿಟ್ಟುಹೋಗುವ ಆಸೆಯಿಂದ ಚೆನ್ನಾಗಿ ಆಳಿದರು ಅನ್ನುತ್ತೀರಿ. ಅವರಿಗೆ ಮಕ್ಕಳೇ ಇರಲಿಲ್ಲ, ಮೇಷ್ಟ್ರೇ! 1940ರಲ್ಲಿ ಅವರು ತೀರಿಕೊಂಡಾಗ ಪಟ್ಟಕ್ಕೆ ಬಂದವರು ತಮ್ಮನ ಮಗ ಜಯಚಾಮರಾಜರು. ಆಸ್ತಿಯ ಆಸೆಯೇ ಕಾರಣವಾಗಿದ್ದರೆ ಅವರ ಅಜ್ಜ ಮುಮ್ಮಡಿಯವರ ಆಳ್ವಿಕೆಯೂ ಚೆನ್ನಾಗಿರಬೇಕಿತ್ತು. ಆದರೆ ಶಿವಮೊಗ್ಗ ಕಡೆಯ ನಗರ ಸೀಮೆಯಲ್ಲಿ ರೈತರ ದಂಗೆಯಾದ ಮೇಲೆ 1831ರಲ್ಲಿ ಬ್ರಿಟಿಷರು ಅವರಿಂದ ಆಡಳಿತವನ್ನೇ ಕಿತ್ತುಕೊಂಡರು. ಐವತ್ತು ವರ್ಷ ಕಮಿಷನರುಗಳು ಆಳಿದರು.

1881ರಲ್ಲಿ ರಾಜ್ಯ ವಾಪಸ್ ಬಂದಾಗ ಷರತ್ತುಗಳ ಪಟ್ಟಿಯೊಂದಿಗೆ ಬಂತು. ಬೆಂಗಳೂರಿನಲ್ಲಿ, ಈಗಿನ ರಾಜಭವನದಲ್ಲಿ, ಬ್ರಿಟಿಷರ ಪ್ರತಿನಿಧಿಯಾದ ರೆಸಿಡೆಂಟ್ ಸಾಹೇಬ ಕಣ್ಣಿಟ್ಟು ಕೂತಿದ್ದ. ಅದೇ ವರ್ಷ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಶುರುಮಾಡಿದರು. ಅದಕ್ಕೆ ಅಧಿಕಾರ ಏನೂ ಇರಲಿಲ್ಲ. ಆದರೂ ದಸರಾ ಹೊತ್ತಿಗೆ ನಾಲ್ಕು ಜನ ಎದ್ದು ನಿಂತು ಅಹವಾಲು ಹೇಳಬಹುದಿತ್ತು. ಅಂದರೆ ನಾಲ್ವಡಿಯವರು ಒಳ್ಳೆಯವರು ಅನ್ನುವುದು ನಿಜ, ಕೈ ಕಟ್ಟಿಸಿಕೊಂಡಿದ್ದ ರಾಜ ಅನ್ನುವುದೂ ಅಷ್ಟೇ ನಿಜ. ನೀವು ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಂಡಿದ್ದೀರಿ.

ಕೈ ಬಿಚ್ಚಿಕೊಂಡ ಕಡೆ ಏನಾಯಿತು? 1908ರಲ್ಲಿ, ನಾಲ್ವಡಿಯವರ ಕಾಲದಲ್ಲೇ, ಮೈಸೂರು ಸರ್ಕಾರ ಪತ್ರಿಕೆಗಳ ಮೇಲೆ ಒಂದು ಕಾಯ್ದೆ ತಂದಿತು. ಪತ್ರಿಕೆ ಶುರುಮಾಡಲೂ ಸರ್ಕಾರದ ಅಪ್ಪಣೆ ಬೇಕು. ತಾತಯ್ಯ ಎಂದು ಮೈಸೂರೆಲ್ಲ ಕರೆಯುತ್ತಿದ್ದ ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. 1938ರಲ್ಲಿ ವಿದುರಾಶ್ವತ್ಥದಲ್ಲಿ ಧ್ವಜ ಹಿಡಿದವರ ಮೇಲೆ ಗೋಲಿಬಾರ್ ಆಯಿತು. ಎಷ್ಟು ಜನ ಸತ್ತರು ಅನ್ನುವುದರಲ್ಲೇ ಸರ್ಕಾರದ ಲೆಕ್ಕ ಬೇರೆ, ಜನರ ಲೆಕ್ಕ ಬೇರೆ. ಅದೂ ಆ ಒಳ್ಳೆಯ ಕಾಲದ್ದೇ.

ಹಾಗಂತ ವೋಟು ಹಾಕಿಸಿಕೊಂಡವರು ದೇವರಲ್ಲ. ತುರ್ತು ಪರಿಸ್ಥಿತಿ ಹೇರಿದಾಗ, 1975ರ ಜೂನ್ 26ರಂದು, ವಾಜಪೇಯಿ, ಅಡ್ವಾಣಿ ಇಬ್ಬರನ್ನೂ ಹಿಡಿದದ್ದು ನಮ್ಮ ಬೆಂಗಳೂರಲ್ಲೇ. ನೀವು ಈಗ ವಾಕಿಂಗ್ ಹೋಗಬಹುದಾದ ಫ್ರೀಡಂ ಪಾರ್ಕ್ ಆಗ ಸೆಂಟ್ರಲ್ ಜೈಲು. ನಟಿ ಸ್ನೇಹಲತಾ ರೆಡ್ಡಿ ಅಲ್ಲೇ ಆಸ್ತಮಾದಿಂದ ನರಳಿದರು. 1977ರ ಜನವರಿಯಲ್ಲಿ ಹೊರಗೆ ಬಿಟ್ಟ ಸ್ವಲ್ಪ ದಿನಕ್ಕೇ ತೀರಿಕೊಂಡರು. ಯಾವ ರಾಜನೂ ಇದನ್ನು ಮಾಡಿಸಲಿಲ್ಲ.

ಸರ್ಕಾರಕ್ಕೆ ಏನೂ ಕೆಲಸವೇ ಬೇಡ ಅನ್ನುತ್ತಿಲ್ಲ. ದೇವರಾಜ ಅರಸರ 1974ರ ಭೂಸುಧಾರಣೆಯಿಂದ ಗೇಣಿ ರೈತರಿಗೆ ಭೂಮಿ ಸಿಕ್ಕಿತು, ಒಪ್ಪೋಣ. ಒಪ್ಪಿ ಮುಂದಕ್ಕೆ ಹೋಗೋಣ.

ಪತ್ರಿಕೆಗಳದ್ದು ಪಕ್ಷಪಾತ ಅಂದಿರಲ್ಲ, ಅದು ನನ್ನ ಮನಸ್ಸಿಗೆ ಹತ್ತಿರದ ವಿಷಯ. ಎಲ್ಲರೂ ಎಡ, ಬಲ, ಆ ಪಕ್ಷ, ಈ ಪಕ್ಷ ಅಂತ ಲೆಕ್ಕ ಹಾಕುತ್ತಾರೆ. ನನಗೆ ಕಾಣುವ ಪಕ್ಷಪಾತ ಬೇರೆ. ನಮ್ಮವರು ಯಾವ ಪಕ್ಷದವರಾದರೂ ಸರ್ಕಾರ ಅನ್ನುವುದರ ಪಕ್ಷಪಾತಿಗಳು. ಯಾವ ವರದಿಯ ಕೊನೆಯ ಸಾಲನ್ನಾದರೂ ಓದಿ: "ಇನ್ನಾದರೂ ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?" ಈರುಳ್ಳಿ ಬೆಲೆ ಬಿದ್ದರೂ ಇದೇ, ಏರಿದರೂ ಇದೇ. ಸಂಬಂಧಪಟ್ಟವರ ಗಮನ ಜಾಸ್ತಿಯಾಗಿದ್ದರಿಂದಲೇ ಕೆಲಸ ಕೆಟ್ಟಿತು ಎಂದು ಯಾರಾದರೂ ಬರೆದದ್ದು ನೋಡಿದ್ದೀರಾ?

ರಾಜಾಜಿ ಬರೆದರು. 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿ, ಎಲ್ಲದಕ್ಕೂ ಸರ್ಕಾರದ ಅಪ್ಪಣೆ ಬೇಕಾಗುವ ಲೈಸೆನ್ಸ್ ಪರ್ಮಿಟ್ ಕೋಟಾ ರಾಜ್ಯ ಬೇಡ ಎಂದರು. ಜೈಪುರದ ಗಾಯತ್ರಿ ದೇವಿಯಂಥವರು ಸೇರಿದ್ದರಿಂದ ಅದಕ್ಕೆ ರಾಜರ, ಸಾಹುಕಾರರ ಪಕ್ಷ ಎಂಬ ಹಣೆಪಟ್ಟಿ ಅಂಟಿತು. 1967ರಲ್ಲಿ 44 ಸ್ಥಾನ ಗೆದ್ದು ಲೋಕಸಭೆಯ ಅತಿ ದೊಡ್ಡ ವಿರೋಧ ಪಕ್ಷವಾದರೂ ಆ ಪಟ್ಟಿ ಹೋಗಲಿಲ್ಲ. ಆಗ ಪತ್ರಿಕೆಗಳಿಗೆ ಮುದ್ರಣದ ಕಾಗದವೂ ಸರ್ಕಾರದ ಕೋಟಾದಲ್ಲೇ ಬರುತ್ತಿತ್ತು. ದಿನಪತ್ರಿಕೆ ಹತ್ತು ಪುಟ ಮೀರಬಾರದೆಂಬ ನಿಯಮವನ್ನು 1972ರಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಬೇಕಾಯಿತು. ಕಾಗದ ಕೊಡುವ ಕೈಯ ವಿರುದ್ಧ ಎಷ್ಟು ಜನ ಬರೆದಾರು?

ಈಗ ಕೋಟಾ ಇಲ್ಲ, ಜಾಹೀರಾತು ಇದೆ. ನಮ್ಮ ಪತ್ರಿಕೆಯಲ್ಲೇ ಒಮ್ಮೆ ಒಂದು ಇಲಾಖೆಯ ಟೆಂಡರ್ ಬಗ್ಗೆ ಬರೆದೆವು. ಯಾರೂ ಬೈಯಲಿಲ್ಲ, ಫೋನೂ ಮಾಡಲಿಲ್ಲ. ಮುಂದಿನ ತಿಂಗಳಿಂದ ಜಾಹೀರಾತು ಸುಮ್ನೆ ನಿಂತಿತು. ಲೆಕ್ಕ ನೋಡುವವರು ನನ್ನ ಮುಖ ನೋಡಿದರು.

ಅರಮನೆ ಮೈದಾನದ ಸುದ್ದಿ ನೋಡಿ. 1996ರ ಸ್ವಾಧೀನ ಕಾಯ್ದೆಯಲ್ಲಿ ಸರ್ಕಾರ 472 ಎಕರೆ ಬೆಂಗಳೂರು ಅರಮನೆ ಆಸ್ತಿಗೆ 11 ಕೋಟಿ ರೂಪಾಯಿ ಬೆಲೆ ಕಟ್ಟಿತು. ಈಚೆಗೆ ರಸ್ತೆ ಅಗಲಿಸಲು ಅದರಲ್ಲಿ ಹದಿನೈದು ಎಕರೆಯಷ್ಟು ಬೇಕಾದಾಗ, ಕೋರ್ಟು ಹೇಳಿದ ಲೆಕ್ಕದಲ್ಲಿ ಟಿಡಿಆರ್ (ಜಾಗ ಬಿಟ್ಟುಕೊಟ್ಟವರಿಗೆ ಹಣದ ಬದಲು ಸಿಗುವ, ಬೇರೆಡೆ ಹೆಚ್ಚು ಕಟ್ಟಿಕೊಳ್ಳುವ ಹಕ್ಕು) ಕೊಟ್ಟರೆ ಸುಮಾರು ಮೂರು ಸಾವಿರ ಕೋಟಿಯಾಗುತ್ತದೆ ಎಂದು ಅದೇ ಸರ್ಕಾರ ಗೋಳಾಡಿತು. ನಾನು ಓದಿದ ವರದಿಗಳಲ್ಲಿ ಹೆಚ್ಚಿನವು ಬೊಕ್ಕಸದ ಹೊರೆಯ ಬಗ್ಗೆಯೇ. ರಾಜವಂಶದವರಿಗಾಗಿ ನನ್ನ ಕಣ್ಣಲ್ಲಿ ನೀರು ಬರುವುದಿಲ್ಲ. ಆದರೆ ದೊಡ್ಡ ವಕೀಲರನ್ನಿಟ್ಟುಕೊಂಡವರ ಆಸ್ತಿಗೇ ಹೀಗಾದರೆ, ನಿಮ್ಮ ಮೂವತ್ತು ನಲವತ್ತರ ಸೈಟಿನ ಗತಿ ಏನು? ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ 1978ರಲ್ಲೇ ತೆಗೆದಾಗಿದೆ.

ಕಡ್ಡಾಯ ಪಾಠದ ವಿಷಯಕ್ಕೆ ಬರುತ್ತೇನೆ. ಸರ್ಕಾರ ಕೆಟ್ಟದ್ದು ಎಂದು ಅರ್ಧ ಕಾರ್ಡು ಬರೆದು, ಕೊನೆಗೆ ಅದೇ ಸರ್ಕಾರಕ್ಕೆ ಕಡ್ಡಾಯ ಮಾಡಿ ಅನ್ನುತ್ತೀರಲ್ಲ! ಇವತ್ತು ನಿಮಗೆ ಇಷ್ಟವಾದದ್ದು ಕಡ್ಡಾಯ, ನಾಳೆ ಬೇರೆಯವರು ಬಂದರೆ ಅವರಿಗೆ ಇಷ್ಟವಾದದ್ದು. ನಾನು ಬರೆಯುವುದಿಲ್ಲ. ನೀವೇ ಭಾನುವಾರ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಶಿವನಸಮುದ್ರದ ಕರೆಂಟು ಬೆಂಗಳೂರಿಗೆ ಬಂದ ಕತೆ ಹೇಳಿ. 1908ರ ಕಾಯ್ದೆಯನ್ನೂ ಬಿಡಬೇಡಿ.

ಒಂದು ಮಾತ್ರ ನಿಮ್ಮದು ಪೂರ್ತಿ ಸರಿ. ಈಗಿನವರನ್ನು ಕೇಳುವವರಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ನಮ್ಮ ಪಾಲಿಕೆಯ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಈ ಊರನ್ನು ಅಧಿಕಾರಿಗಳೇ ಆಳಿದರು. ಬೈಯೋಣ ಎಂದರೆ ವಾರ್ಡಿಗೊಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ. ತೆರಿಗೆ ಮಾತ್ರ ಒಂದು ವರ್ಷವೂ ತಪ್ಪಲಿಲ್ಲ.