ಓದುಗರ ಪ್ರಶ್ನೆ: ನನ್ನ ಮತ ಆಗಲೇ ಬಿದ್ದಿತ್ತು, ಏನು ಮಾಡಬೇಕಿತ್ತು?

ಪ್ರಶ್ನೆ: ಲಕ್ಷಾಂತರ ಮತಗಳ ನಡುವೆ ನನ್ನದೊಂದರಿಂದ ಏನಾದೀತು? ಇಷ್ಟು ಖರ್ಚು ಮಾಡಿ ಚುನಾವಣೆ ಏಕೆ? – ಓದುಗರು, ತುಮಕೂರು

ಉತ್ತರ: 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದ ಎ.ಆರ್. ಕೃಷ್ಣಮೂರ್ತಿ ಅವರು ಆರ್. ಧ್ರುವನಾರಾಯಣ ಅವರೆದುರು ಸೋತದ್ದು ಒಂದೇ ಮತದಿಂದ. ಇಂಥದ್ದು ಅಪರೂಪ ನಿಜ. ಆದರೆ ಚುನಾವಣೆ ಇರುವುದು ಗೆದ್ದವರನ್ನು ಹೇಳುವುದಕ್ಕಷ್ಟೇ ಅಲ್ಲ. ಆಳುವವರನ್ನು ಹೊಡೆದಾಟವಿಲ್ಲದೆ ಕುರ್ಚಿಯಿಂದ ಇಳಿಸುವ ದಾರಿ ಅದು. ಹಾಗಾಗಬೇಕಾದರೆ ಸೋತವರೂ ಲೆಕ್ಕವನ್ನು ಒಪ್ಪಬೇಕು.

ಮತಗಟ್ಟೆಯಲ್ಲಿ ಅಷ್ಟೊಂದು ವಿಧಿ ಇರುವುದು ಅದಕ್ಕೇ. ಮತದಾನಕ್ಕೆ ಮುಂಚೆ ಅಭ್ಯರ್ಥಿಗಳ ಏಜೆಂಟರ ಎದುರು ಕನಿಷ್ಠ 50 ಅಣಕು ಮತ ಹಾಕಿ, ಫಲಿತಾಂಶ ತೋರಿಸಿ, ಯಂತ್ರದಿಂದ ಅಳಿಸಬೇಕು. ಅಳಿಸಲು ಮರೆತರೆ ಅವು ನಿಜವಾದ ಮತಗಳ ಜೊತೆ ಬೆರೆತುಹೋಗುತ್ತವೆ. ಮತದಾನ ಮುಗಿದ ಮೇಲೆ 17ಸಿ ನಮೂನೆಯಲ್ಲಿ ಒಟ್ಟು ಮತಗಳ ಲೆಕ್ಕ ಬರೆದು ಏಜೆಂಟರಿಗೆ ಪ್ರತಿ ಕೊಡುತ್ತಾರೆ. ಎಣಿಕೆಯ ದಿನ ಯಂತ್ರದ ಸಂಖ್ಯೆಯನ್ನು ಅದರೊಂದಿಗೆ ತಾಳೆ ನೋಡಬಹುದು. ಸಂಜೆಗೆ ಮುಂಚೆಯೇ ಎದ್ದು ಹೋದ ಏಜೆಂಟರ ಕೈಯಲ್ಲಿ ಆ ಹಾಳೆಯೂ ಇರುವುದಿಲ್ಲ, ಆಮೇಲೆ ತಕರಾರು ತೆಗೆಯಲು ಆಧಾರವೂ ಇರುವುದಿಲ್ಲ.

ಪ್ರಶ್ನೆ: ಮತಗಟ್ಟೆಗೆ ಹೋದರೆ ನನ್ನ ಹೆಸರಿನಲ್ಲಿ ಯಾರೋ ಆಗಲೇ ಮತ ಹಾಕಿದ್ದರು. ಸುಮ್ಮನೆ ಮರಳಿದೆ. – ಓದುಗರು, ಹಾಸನ

ಉತ್ತರ: ಮರಳಬಾರದಿತ್ತು. ನಿಮಗೆ ಟೆಂಡರ್ಡ್ ವೋಟ್ ಹಾಕುವ ಹಕ್ಕಿದೆ. ಮತಗಟ್ಟೆಯ ಉಸ್ತುವಾರಿ ಹೊತ್ತ ಅಧ್ಯಕ್ಷಾಧಿಕಾರಿಯನ್ನು ಕೇಳಿ, ಗುರುತಿನ ಬಗ್ಗೆ ಅವರ ಪ್ರಶ್ನೆಗಳಿಗೆ ಉತ್ತರಿಸಿ, 17ಬಿ ನಮೂನೆಯಲ್ಲಿ ಸಹಿ ಹಾಕಿ. ಯಂತ್ರದ ಬದಲು ಕಾಗದದ ಮತಪತ್ರ ಕೊಡುತ್ತಾರೆ. ಮುದ್ರೆಯೊತ್ತಿ ಮಡಚಿ ಅವರ ಕೈಗೇ ಕೊಡಬೇಕು, ಅದನ್ನು ಪ್ರತ್ಯೇಕ ಲಕೋಟೆಯಲ್ಲಿಡುತ್ತಾರೆ.

ಇದು ಸಾಮಾನ್ಯ ಎಣಿಕೆಗೆ ಬರುವುದಿಲ್ಲ, ಹಾಗೆಂದು ವ್ಯರ್ಥವೂ ಅಲ್ಲ. ಅಂತರ ತೀರಾ ಕಡಿಮೆಯಿದ್ದು, ಫಲಿತಾಂಶ ಬಂದ 45 ದಿನಗಳೊಳಗೆ ಯಾರಾದರೂ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಿದರೆ, ಈ ಲಕೋಟೆ ತೆರೆಯುವ ಸಂದರ್ಭ ಬರಬಹುದು. ನೀವು ಮನೆಗೆ ಹೋದರೆ ಕಳ್ಳಮತಕ್ಕೆ ದಾಖಲೆಯೇ ಉಳಿಯುವುದಿಲ್ಲ. ತಡೆಯುವ ಅವಕಾಶ ಮೊದಲೇ ಏಜೆಂಟರಿಗಿತ್ತು: ಅನುಮಾನ ಬಂದಾಗ 2 ರೂಪಾಯಿ ಠೇವಣಿಯಿಟ್ಟು ಆ ವ್ಯಕ್ತಿಯ ಗುರುತನ್ನು ಪ್ರಶ್ನಿಸಬಹುದು. ಊರಿನವರನ್ನು ಬಲ್ಲವರೇ ಏಜೆಂಟರಾಗಿ ಕೂರಬೇಕೆನ್ನುವುದು ಇದಕ್ಕೇ.

ಪ್ರಶ್ನೆ: ಮತದಾರರ ಕಾರ್ಡ್ ಇದೆ, ಮತದಾರರ ಪಟ್ಟಿಯಲ್ಲಿ ಹೆಸರಿಲ್ಲ. – ಓದುಗರು, ಬಳ್ಳಾರಿ

ಉತ್ತರ: ಕಾರ್ಡ್ ಗುರುತಿಗೆ ಮಾತ್ರ. ಮತ ಹಾಕಲು ಪಟ್ಟಿಯಲ್ಲಿ ಹೆಸರಿರಲೇಬೇಕು. ಸೇರಿಸಲು ನಮೂನೆ 6, ಮನೆ ಬದಲಾದವರಿಗೆ ಮತ್ತು ತಿದ್ದುಪಡಿಗೆ ನಮೂನೆ 8. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಆ ಚುನಾವಣೆಗೆ ಹೊಸ ಹೆಸರು ಸೇರುವುದಿಲ್ಲ. ಆದ್ದರಿಂದ ಕರಡು ಪಟ್ಟಿ ಬಂದ ಕೂಡಲೇ ಮನೆಯವರೆಲ್ಲರ ಹೆಸರು ನೋಡಿ. ಮತದಾರರ ನೋಂದಣಾಧಿಕಾರಿ ಅರ್ಜಿ ತಿರಸ್ಕರಿಸಿದರೆ 15 ದಿನಗಳೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ತಿರಸ್ಕಾರದ ಆದೇಶದ ಪ್ರತಿಯನ್ನು ಕೇಳಿ ಪಡೆದಿಟ್ಟುಕೊಳ್ಳಿ.